ಕಾರ್ಕಸೋನ್ ಕೋಟೆಯ ಸೂರು ಯಾವ ಕಾಲದ್ದು?

ದಕ್ಷಿಣ ಫ್ರಾನ್ಸಿನ ಕಾರ್ಕಸೋನ್ ನಗರದಲ್ಲಿ ಓದ್ ನದಿಯ ಹಳೆಯ ಸೇತುವೆಯ ಮೇಲೆ ನಿಂತು ಪೂರ್ವದ ದಿಬ್ಬವನ್ನು ನೋಡಿದರೆ, ಎರಡು ಸುತ್ತಿನ ಗೋಡೆ, 52 ಬುರುಜು, ಅವುಗಳ ನೆತ್ತಿಯ ಮೇಲೆ ಕಡುಬೂದು ಬಣ್ಣದ ಚೂಪು ಸೂರುಗಳು ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಮಧ್ಯಯುಗವೇ ಮುಕ್ಕಾಗದೆ ಉಳಿದುಬಂದಿದೆ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಈ ನೋಟದಲ್ಲಿ ಎಷ್ಟು ಪಾಲು ಮಧ್ಯಯುಗದ್ದು, ಎಷ್ಟು ಪಾಲು 19ನೆಯ ಶತಮಾನದ ಒಬ್ಬ ವಾಸ್ತುಶಿಲ್ಪಿಯದು ಎಂಬ ವಾದ ನೂರೈವತ್ತು ವರ್ಷಗಳಿಂದ ನಡೆದುಬಂದಿದೆ.

ಕೋಟೆಯ ವಯಸ್ಸನ್ನು ತಿಳಿಯಲು ಗೋಡೆಯ ಬುಡಕ್ಕೇ ಹೋಗಬೇಕು. ಒಳಸುತ್ತಿನ ಉತ್ತರ ಭಾಗದಲ್ಲಿ, ಹಿಡಿಯಲ್ಲಿ ಎತ್ತಬಹುದಾದಷ್ಟು ಸಣ್ಣ ಕಲ್ಲುಗಳ ಸಾಲುಗಳ ನಡುವೆ ಅಲ್ಲಲ್ಲಿ ಕೆಂಪು ಇಟ್ಟಿಗೆಯ ಪಟ್ಟಿಗಳು ಹಾದುಹೋಗಿವೆ. ಇವು ರೋಮನ್ ಸಾಮ್ರಾಜ್ಯದ ಕೊನೆಗಾಲದ ಕೆಲಸ. ಅಲ್ಲಿನ ಬುರುಜುಗಳು ಹೊರಮೈಯಲ್ಲಿ ದುಂಡಗೆ, ಒಳಮೈಯಲ್ಲಿ ಚಪ್ಪಟೆಯಾಗಿ ಕುದುರೆಲಾಳದ ಆಕಾರದಲ್ಲಿವೆ. ನಾರ್ಬೋನ್ ಬಾಗಿಲಿನ ಹತ್ತಿರ ಬಂದರೆ ಕಲ್ಲುಗಳು ದೊಡ್ಡವಾಗುತ್ತವೆ, ಅವುಗಳ ಮುಖ ಉಬ್ಬಿಕೊಂಡಿರುತ್ತದೆ. ಇದು 13ನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ದೊರೆ ಮೂರನೆಯ ಫಿಲಿಪ್ ಕಟ್ಟಿಸಿದ್ದು. ಸಾವಿರ ವರ್ಷಗಳ ಅಂತರವನ್ನು ಕಲ್ಲಿನ ಗಾತ್ರದಲ್ಲೇ ಓದಬಹುದಾದ ಇಂಥ ಗೋಡೆಗಳು ಅಪರೂಪ.

ಈ ಎರಡು ಬಗೆಯ ಕಲ್ಲುಗಳ ನಡುವಿನ ಕಾಲದಲ್ಲಿ ಕೋಟೆ ವಿಸಿಗೋಥರ ಕೈಗೆ, ಆಮೇಲೆ ಅರಬ್ಬರ ಕೈಗೆ, 759ರಲ್ಲಿ ಫ್ರಾಂಕರ ದೊರೆ ಪೆಪಿನ್‌ನ ಕೈಗೆ ಹೋಯಿತು. 12ನೆಯ ಶತಮಾನದಲ್ಲಿ ಇದನ್ನು ಆಳುತ್ತಿದ್ದ ತ್ರಾಂಕವೆಲ್ ಮನೆತನ ಒಳಗೊಂದು ಅರಮನೆ ಕಟ್ಟಿಕೊಂಡಿತು. ಇವರ ಸೀಮೆಯಲ್ಲಿ ನೆಲೆಯೂರಿದ್ದ ಕೆಥಾರ್ ಎಂಬ ಕ್ರೈಸ್ತ ಪಂಥವನ್ನು ಧರ್ಮದ್ರೋಹವೆಂದು ಸಾರಿದ ಪೋಪ್, ಅದರ ಮೇಲೆ ಧರ್ಮಯುದ್ಧಕ್ಕೆ ಕರೆ ಕೊಟ್ಟನು. 1209ರ ಜುಲೈನಲ್ಲಿ ನೆರೆಯ ಬೆಜಿಯೆ ಪಟ್ಟಣದ ಜನರನ್ನು ಕೊಂದುಹಾಕಿದ ದಂಡು ಆಗಸ್ಟ್ ಬೇಸಿಗೆಯಲ್ಲಿ ಕಾರ್ಕಸೋನನ್ನು ಮುತ್ತಿತು. ಒಳಗೆ ನೀರು ಬತ್ತಿತು. ಮಾತುಕತೆಗೆಂದು ಹೊರಬಂದ ತರುಣ ಪ್ರಭು ರೇಮೊಂ-ರೊಜೆ ತ್ರಾಂಕವೆಲ್ ಸೆರೆಯಾಗಿ, ನವೆಂಬರಿನಲ್ಲಿ ತನ್ನದೇ ಕೋಟೆಯ ಸೆರೆಮನೆಯಲ್ಲಿ ತೀರಿಕೊಂಡನು. ಜನರ ಪ್ರಾಣ ಉಳಿಯಿತು. ಉಳಿದದ್ದನ್ನೆಲ್ಲ ಬಿಟ್ಟು ಒಳಂಗಿಯಲ್ಲೇ ಅವರು ಊರು ತೊರೆಯಬೇಕಾಯಿತು.

ಮುಂದೆ ಕೋಟೆ ಫ್ರಾನ್ಸಿನ ದೊರೆಯ ವಶವಾಗಿ, ಹೊರಸುತ್ತಿನ ಗೋಡೆ ಎದ್ದಿತು. ಸ್ಪೇನಿನ ಕಡೆಯ ಗಡಿಗೆ ಅದೇ ಕಾವಲಾಯಿತು. ನದಿಯಾಚೆ ಒಂಬತ್ತನೆಯ ಲೂಯಿ 1247ರಲ್ಲಿ ನೆಲೆಗೊಳಿಸಿದ ಕೆಳಪಟ್ಟಣವು ಉಣ್ಣೆಬಟ್ಟೆಯ ವ್ಯಾಪಾರದಿಂದ ಬೆಳೆಯಿತು. 1659ರ ಪಿರೆನೀಸ್ ಒಪ್ಪಂದದಿಂದ ಗಡಿಯೇ ದಕ್ಷಿಣಕ್ಕೆ ಸರಿದ ಮೇಲೆ ಕೋಟೆಗೆ ಕಾಯಲು ಏನೂ ಉಳಿಯಲಿಲ್ಲ. ಹಣವಿದ್ದವರು ಕೆಳಗಿಳಿದರು, ಬಡ ನೇಕಾರರು ಮೇಲೆ ಉಳಿದರು. ಎರಡು ಗೋಡೆಗಳ ನಡುವಿನ ಬಯಲಿನಲ್ಲಿ, ಗೋಡೆಗೇ ಆತುಕೊಂಡು, ಅವರ ಮನೆಗಳು ಎದ್ದವು.

ಸೈನ್ಯಕ್ಕೆ ಬೇಡವಾದ ಕೋಟೆಯ ಕಲ್ಲನ್ನು ಜನ ಕಟ್ಟಡಗಳಿಗೆ ಹೊತ್ತೊಯ್ಯತೊಡಗಿದರು. 1850ರಲ್ಲಿ ಇದನ್ನು ಯುದ್ಧನೆಲೆಗಳ ಪಟ್ಟಿಯಿಂದ ಕೈಬಿಡುವ ಆದೇಶ ಹೊರಟಿತು. ಎಂದರೆ ಕೆಡವಲು ಅಡ್ಡಿಯಿಲ್ಲವೆಂದೇ ಅರ್ಥ. ಸ್ಥಳೀಯ ವಿದ್ವಾಂಸ ಜಾನ್-ಪಿಯೆರ್ ಕ್ರೊ-ಮೇರ್‌ವಿಯೆಯ್ ಮತ್ತು ಐತಿಹಾಸಿಕ ಸ್ಮಾರಕಗಳ ಮುಖ್ಯ ಪರಿವೀಕ್ಷಕನಾಗಿದ್ದ ಪ್ರೊಸ್ಪೆರ್ ಮೆರಿಮೆ ಪಟ್ಟುಹಿಡಿಯದೆ ಇದ್ದಿದ್ದರೆ ಇಂದು ಅಲ್ಲಿ ಬರೀ ದಿಬ್ಬವಿರುತ್ತಿತ್ತು. ಆಗಲೇ ಕೋಟೆಯೊಳಗಿನ ಸೇಂಟ್-ನಜೇರ್ ಚರ್ಚಿನ ಕೆಲಸದಲ್ಲಿ ತೊಡಗಿದ್ದ ವಾಸ್ತುಶಿಲ್ಪಿ ಯೂಜೆನ್ ವಿಯೊಲೆ-ಲ-ದ್ಯೂಕ್‌ನಿಗೆ ಗೋಡೆಗಳ ಜೀರ್ಣೋದ್ಧಾರವೂ ಒಪ್ಪಿಸಲ್ಪಟ್ಟು, 1853ರಲ್ಲಿ ಕೆಲಸ ಆರಂಭವಾಯಿತು. 1879ರಲ್ಲಿ ಆತ ತೀರಿಕೊಂಡ ಮೇಲೂ ಅದು ದಶಕಗಳ ಕಾಲ ನಡೆಯಿತು.

ಜೀರ್ಣೋದ್ಧಾರವೆಂದರೆ ಕಟ್ಟಡವನ್ನು ಪೂರ್ಣರೂಪಕ್ಕೆ ತರುವುದು, ಆ ಪೂರ್ಣರೂಪ ಹಿಂದೆಂದೂ ಇರದಿದ್ದರೂ ಸರಿಯೇ ಎಂಬುದು ಆತನ ನಿಲುವು. ವಿವಾದ ಹೊತ್ತಿಕೊಂಡದ್ದು ಸೂರಿನ ವಿಷಯಕ್ಕೆ. ಹಿಮ ಅಪರೂಪವಾದ ಆ ಸೀಮೆಯಲ್ಲಿ ಸೂರಿಗೆ ಇಳಿಜಾರು ಕಡಿಮೆ, ಹೊದಿಕೆ ಕೆಂಪು ಹೆಂಚಿನದು. ಆತ ಹಾಕಿಸಿದ್ದು ಉತ್ತರ ಫ್ರಾನ್ಸಿನಲ್ಲಿ ರೂಢಿಯಲ್ಲಿದ್ದ ಸ್ಲೇಟು ಕಲ್ಲಿನ ಶಂಕುಸೂರು. ದೊರೆಯ ಕಾಲದ ಬುರುಜುಗಳು ಉತ್ತರದವರು ಕಟ್ಟಿಸಿದವು, ಆದ್ದರಿಂದ ಸೂರೂ ಉತ್ತರದ್ದೇ ಎಂಬ ಸಮರ್ಥನೆ ಅವುಗಳ ಮಟ್ಟಿಗೆ ನನಗೆ ಒಪ್ಪುವಂಥದ್ದೇ. ರೋಮನ್ ಬುರುಜಿಗೆ ಅದು ಹೊಂದುವುದಿಲ್ಲ.

ಸೂರಿನ ಬಗ್ಗೆ ನಡೆದಷ್ಟು ಚರ್ಚೆ ನೇಕಾರರ ಬಗ್ಗೆ ನಡೆದಿಲ್ಲ. ಗೋಡೆಗಳ ನಡುವಿನ ನೂರಕ್ಕೂ ಹೆಚ್ಚು ಮನೆಗಳನ್ನು ಕೆಡವಿದ್ದರಿಂದಲೇ ಇಂದು ಪ್ರವಾಸಿಗರು ಅಲ್ಲಿ ಹುಲ್ಲಿನ ನಡುವೆ ಆರಾಮವಾಗಿ ಸುತ್ತುಹಾಕುತ್ತಾರೆ. ಮಧ್ಯಯುಗಕ್ಕೆ ಸೇರದ್ದೆಂದು ಅಳಿಸಿಹಾಕಿದ ಆ ಬದುಕೂ ಕೋಟೆಯ ಚರಿತ್ರೆಯೇ ಆಗಿತ್ತು.

1997ರಲ್ಲಿ ಯುನೆಸ್ಕೊ ಕಾರ್ಕಸೋನನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ವಿಯೊಲೆ-ಲ-ದ್ಯೂಕ್‌ನ ಜೀರ್ಣೋದ್ಧಾರವನ್ನೂ ಅದರ ಮಹತ್ವಕ್ಕೆ ಒಂದು ಕಾರಣವೆಂದು ಹೇಳಿತು. ಆತನ ಕೈಕೆಲಸವೇ ಪರಂಪರೆಯಾಯಿತು. ಅಷ್ಟರೊಳಗೆ, 20ನೆಯ ಶತಮಾನದಲ್ಲಿ, ರೋಮನ್ ಬುರುಜುಗಳ ಮೇಲಿನ ಸ್ಲೇಟನ್ನು ತೆಗೆದು ಕೆಂಪು ಹೆಂಚು ಹೊದಿಸಿಯಾಗಿತ್ತು. ಉತ್ತರದ ಗೋಡೆಯ ಬಳಿ ನಿಂತರೆ ಎರಡು ವಾದಗಳೂ ಅಕ್ಕಪಕ್ಕದಲ್ಲೇ ಕಾಣಸಿಗುತ್ತವೆ: ಒಂದು ಕೆಂಪಗೆ ತಗ್ಗಾಗಿ, ಇನ್ನೊಂದು ಬೂದುಬಣ್ಣದಲ್ಲಿ ಚೂಪಾಗಿ.