ಡಿಪ್ಲಾಯ್‌ಮೆಂಟ್: ಅಪ್ಲೈ ಮುಗಿದ ಮೇಲೂ ಆಗದೇ ಉಳಿಯುವುದು

“ಡಿಪ್ಲಾಯ್ ಆಗ್ಯಾದ್ರಿ ಸರ್, ಆದ್ರ ಹೊಸಾ ರೂಟ್ ಬರವಲ್ದು.” ಕಲಬುರಗಿಯ ಸಣ್ಣ ಸಾಫ್ಟ್‌ವೇರ್ ತಂಡಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈ ವಾಕ್ಯ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ, ಈ ವಾರ ಮತ್ತೆ ಬಂದುದರಿಂದ ಈ ಟಿಪ್ಪಣಿ. (ರೂಟ್ ಎಂದರೆ ಆ್ಯಪ್ ಕೇಳುವ ವಿಳಾಸದ ದಾರಿ.) ವಾಕ್ಯದ ಉತ್ತರಾರ್ಧ ನಿಜ, ಪೂರ್ವಾರ್ಧ ಸುಳ್ಳು. ಆಗಿರುವುದು ಟೆರಾಫಾರ್ಮ್‌ನ ಅಪ್ಲೈ ಮಾತ್ರ: ಬೇಕಾದ ವ್ಯವಸ್ಥೆಯನ್ನು ಕಡತದಲ್ಲಿ ಬರೆದಿಟ್ಟರೆ ಕ್ಲೌಡಿನಲ್ಲಿ ಕಟ್ಟಿಕೊಡುವ ಸಾಧನ ಟೆರಾಫಾರ್ಮ್, ಬರೆದದ್ದನ್ನು ಜಾರಿ ಮಾಡುವ ಅದರ ಆಜ್ಞೆ ಅಪ್ಲೈ. ಎಡಬ್ಲ್ಯೂಎಸ್‌ನ (ಅಮೆಜಾನ್‌ನ ಕ್ಲೌಡ್ ಸೇವೆ) ಎಪಿಐ ಗೇಟ್‌ವೇಯಲ್ಲಿ, ಅಂದರೆ ಆ್ಯಪ್‌ಗಳ ಕೋರಿಕೆಗಳನ್ನು ಬಾಗಿಲಲ್ಲೇ ಸ್ವೀಕರಿಸಿ ಒಳಗಿನ ಪ್ರೋಗ್ರಾಮಿಗೆ ಕಳಿಸುವ ಸೇವೆಯಲ್ಲಿ, ಅದರಲ್ಲೂ ರೆಸ್ಟ್ ಎಪಿಐ ಎಂಬ ಬಗೆಯಲ್ಲಿ, ಡಿಪ್ಲಾಯ್‌ಮೆಂಟ್ ಎಂಬುದು ಒಂದು ವಸ್ತುವಿನ ಹೆಸರು: ಅದಕ್ಕೆ ಗುರುತಿನ ಸಂಖ್ಯೆ ಇದೆ, ಹುಟ್ಟಿದ ದಿನಾಂಕ ಇದೆ, ಬೇಡವಾದಾಗ ಅದನ್ನು ಅಳಿಸಲೂ ಬರುತ್ತದೆ. ಅದನ್ನು ಕೇವಲ ಕ್ರಿಯೆಯ ಹೆಸರೆಂದು ತಿಳಿದವರಿಗೆ ಆ ವಸ್ತು ಹುಟ್ಟಿದೆಯೋ ಇಲ್ಲವೋ ಎಂದು ನೋಡುವ ಯೋಚನೆಯೇ ಬರುವುದಿಲ್ಲ.

ಪದದ ಮೂಲವನ್ನು ನೋಡಿದರೆ ಗೊಂದಲ ಇನ್ನಷ್ಟು ಸ್ವಾರಸ್ಯವಾಗುತ್ತದೆ. ಲ್ಯಾಟಿನ್ನಿನ ‘ಪ್ಲಿಕಾರೆ’ ಎಂದರೆ ಮಡಚುವುದು. ‘ಡಿಸ್’ ಸೇರಿ ‘ಡಿಸ್‌ಪ್ಲಿಕಾರೆ’ ಆದಾಗ ಮಡಿಕೆ ಬಿಚ್ಚುವುದು, ಹರಡುವುದು ಎಂದಾಯಿತು. ಅದೇ ಫ್ರೆಂಚಿನ ದಾರಿಯಿಂದ ಇಂಗ್ಲಿಷಿಗೆ ಎರಡು ಸಲ ಬಂದು ಒಮ್ಮೆ ‘ಡಿಸ್‌ಪ್ಲೇ’ ಆಯಿತು, ಇನ್ನೊಮ್ಮೆ ‘ಡಿಪ್ಲಾಯ್’ ಆಯಿತು. 18ನೇ ಶತಮಾನದ ಕೊನೆಯ ಹೊತ್ತಿಗೆ ಡಿಪ್ಲಾಯ್ ಸೈನ್ಯದ ಮಾತಾಗಿತ್ತು: ಒಂದರ ಹಿಂದೊಂದು ಸಾಲಾಗಿ ನಡೆದು ಬಂದ ಪಡೆ ರಣರಂಗದಲ್ಲಿ ಅಗಲಕ್ಕೆ ಬಿಚ್ಚಿಕೊಂಡು ಶತ್ರುವಿಗೆ ಮುಖಮಾಡಿ ನಿಲ್ಲುವುದು. ಅದೇ ‘ಪ್ಲಿಕಾರೆ’ಗೆ ‘ಅಡ್’ ಸೇರಿ ‘ಅಪ್ಲಿಕಾರೆ’ ಆದಾಗ ಹಚ್ಚುವುದು, ತಾಗಿಸುವುದು ಎಂಬ ಅರ್ಥ ಬಂತು. ನಮ್ಮ ‘ಅಪ್ಲೈ’ ಹುಟ್ಟಿದ್ದು ಅಲ್ಲಿಂದ. ನಮ್ಮ ಹುಡುಗರು ದಿನವೂ ಒಂದರ ಬದಲು ಇನ್ನೊಂದನ್ನು ಬಳಸುವ ಈ ಎರಡು ಪದಗಳು ಒಂದೇ ಧಾತುವಿನ ಮಕ್ಕಳು, ಆದರೆ ಒಂದು ಹಚ್ಚುತ್ತದೆ, ಇನ್ನೊಂದು ಬಿಚ್ಚಿ ತೋರಿಸುತ್ತದೆ. ಕನ್ನಡದ ‘ನಿಯೋಜನೆ’ ಇಲ್ಲಿ ನೆರವಿಗೆ ಬರುವುದಿಲ್ಲ. ಶರಣಬಸವೇಶ್ವರ ರಥೋತ್ಸವದ ಬಂದೋಬಸ್ತಿಗೆ ಪೊಲೀಸರ ನಿಯೋಜನೆ ಎಂದು ಪತ್ರಿಕೆ ಬರೆದರೆ ಸರಿ, ಏಕೆಂದರೆ ಅಲ್ಲಿ ಆದೇಶ ಹೊರಟರೆ ಜನ ಬಂದು ನಿಲ್ಲುತ್ತಾರೆ. ಗೇಟ್‌ವೇಯಲ್ಲಿ ಆದೇಶ ತಲುಪಿಯೂ ಯಾರೂ ಬಂದು ನಿಲ್ಲದಿರಬಹುದು.

ರೆಸ್ಟ್ ಎಪಿಐಯಲ್ಲಿ ರಿಸೋರ್ಸ್ (ವಿಳಾಸದ ದಾರಿ), ಮೆಥಡ್ (ಆ ದಾರಿಯಲ್ಲಿ ಮಾಡುವ ಕೋರಿಕೆಯ ಬಗೆ), ಇಂಟಿಗ್ರೇಷನ್ (ಕೋರಿಕೆ ಒಳಗೆ ಎಲ್ಲಿಗೆ ಹೋಗಬೇಕೆಂಬುದು) ಎಂದು ನೀವು ಬರೆಯುವುದೆಲ್ಲ ಒಂದು ಕರಡಿನಲ್ಲಿ ಹೋಗಿ ಸೇರುತ್ತದೆ. ಡಿಪ್ಲಾಯ್‌ಮೆಂಟ್ ಎಂದರೆ ಆ ಕರಡಿನ ಆ ಕ್ಷಣದ ಪ್ರತಿ. ಸ್ಟೇಜ್ ಎಂದರೆ ಯಾವ ಪ್ರತಿಯನ್ನು ಹೊರಗಿನವರಿಗೆ ತೋರಿಸಬೇಕು ಎಂದು ಬೆರಳು ಮಾಡುವ ಹೆಸರು. ಭೂಮಿ ತಂತ್ರಾಂಶದಲ್ಲಿ ಮ್ಯುಟೇಶನ್ ಆಗಿ ಹೆಸರು ಬದಲಾದರೂ ಮೊದಲೇ ಮುದ್ರಿಸಿಕೊಂಡು ಹೋದ ಪಹಣಿಯಲ್ಲಿ ಹಳೆಯ ಹೆಸರೇ ಇರುತ್ತದಲ್ಲವೇ, ಇದೂ ಹಾಗೆ. ಗಿರಾಕಿಯ ಕೈಯಲ್ಲಿರುವುದು ಮುದ್ರಿತ ಪಹಣಿ.

ತೊಗರಿ ಧಾರಣೆಯನ್ನು ಮೊಬೈಲಿಗೆ ಕೊಡುವ ಒಂದು ಆ್ಯಪ್ ಇದೆ ಎಂದುಕೊಳ್ಳಿ. ಇಲ್ಲಿಯವರೆಗೆ ಕಲಬುರಗಿ ಎಪಿಎಂಸಿಯ ದರ ಮಾತ್ರ ಸಿಗುತ್ತಿತ್ತು. ಯಾದಗಿರಿ, ಬೀದರಿನ ದರವನ್ನೂ ಕೊಡಲು ಒಂದು ಹೊಸ ರಿಸೋರ್ಸ್, ಅದಕ್ಕೊಂದು ಗೆಟ್ ಮೆಥಡ್, ಲ್ಯಾಂಬ್ಡಾ (ಎಡಬ್ಲ್ಯೂಎಸ್ ಓಡಿಸಿಕೊಡುವ ನಮ್ಮ ಕೋಡು) ಕಡೆಗೆ ಒಂದು ಇಂಟಿಗ್ರೇಷನ್ ಬರೆದು ಅಪ್ಲೈ ಮಾಡಿದಿರಿ. ಮೂರು ಸೇರಿವೆ, ಬದಲಾದದ್ದು ಸೊನ್ನೆ, ಅಳಿದದ್ದು ಸೊನ್ನೆ ಎಂದು ಟರ್ಮಿನಲ್ ಹಸಿರು ಅಕ್ಷರದಲ್ಲಿ ಹೇಳಿತು. ಬ್ರೌಸರಿನಲ್ಲಿ ವಿಳಾಸ ತೆರೆದರೆ 403 (ಪ್ರವೇಶ ನಿಷೇಧ), ಜೊತೆಗೆ ‘ಮಿಸ್ಸಿಂಗ್ ಅಥೆಂಟಿಕೇಷನ್ ಟೋಕನ್’ ಎಂಬ ಸಂದೇಶ. ಇಷ್ಟು ದಾರಿತಪ್ಪಿಸುವ ಸಂದೇಶವನ್ನು ಬರೆದವರಿಗೆ ಏನು ಹೇಳಬೇಕೋ ತಿಳಿಯದು. ತನ್ನ ಪ್ರತಿಯಲ್ಲಿ ಇಲ್ಲದ ದಾರಿಯನ್ನು ಯಾರಾದರೂ ಕೇಳಿದರೆ ರೆಸ್ಟ್ ಎಪಿಐ 404 (ಸಿಗಲಿಲ್ಲ) ಎನ್ನದೆ ಹೀಗೆ ಉತ್ತರಿಸುತ್ತದೆ, ಅದನ್ನು ನಂಬಿದವರು ಟೋಕನ್ನು, ಆಥರೈಸರ್, ಐಎಎಂ ಪಾಲಿಸಿ ಎಂದು ಅನುಮತಿಯ ವಿಷಯಗಳನ್ನೇ ಸಂಜೆಯವರೆಗೆ ಹುಡುಕುತ್ತಾರೆ. ಕನ್ಸೋಲಿಗೆ (ಎಡಬ್ಲ್ಯೂಎಸ್‌ನ ನಿರ್ವಹಣೆಯ ಜಾಲಪುಟ) ಹೋದರೆ ರಿಸೋರ್ಸಸ್ ಪುಟದಲ್ಲಿ ಹೊಸ ದಾರಿ ಕಣ್ಣಿಗೆ ಕಾಣುತ್ತದೆ, ಅಲ್ಲಿಯ ಟೆಸ್ಟ್ ಗುಂಡಿ ಒತ್ತಿದರೆ 200 (ಸರಿ) ಸಹ ಬರುತ್ತದೆ, ಏಕೆಂದರೆ ಆ ಪುಟವೂ ಆ ಗುಂಡಿಯೂ ನೋಡುವುದು ಕರಡನ್ನು. ನೋಡಬೇಕಾದದ್ದು ಸ್ಟೇಜಸ್ ಪುಟ; ಅಲ್ಲಿ ಹೊಸ ದಾರಿ ಇರುವುದಿಲ್ಲ.

ಟೆರಾಫಾರ್ಮ್ ಇದನ್ನು ತಾನೇ ಏಕೆ ಮಾಡಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಸರಳವಾಗಿದೆ. ಟೆರಾಫಾರ್ಮ್ ಕಡತದ ಡಿಪ್ಲಾಯ್‌ಮೆಂಟ್ ಬ್ಲಾಕಿನಲ್ಲಿ ಹೆಚ್ಚಿನವರು ಬರೆದಿರುವುದು ರೆಸ್ಟ್ ಎಪಿಐಯ ಐಡಿ ಮಾತ್ರ. ಆ ಐಡಿ ಬದಲಾಗಿಲ್ಲ, ಆದ್ದರಿಂದ ಪ್ಲಾನ್‌ನಲ್ಲಿ (ಅಪ್ಲೈಗೆ ಮೊದಲು ಏನೇನು ಬದಲಾಗುತ್ತದೆ ಎಂದು ತೋರಿಸುವ ಪಟ್ಟಿ) ಆ ಬ್ಲಾಕಿಗೆ ಕೆಲಸವಿಲ್ಲ. “ಡಿಪೆಂಡ್ಸ್ ಆನ್ ಹಾಕೇನಲ್ರೀ” ಎಂದು ವಾದಿಸುವವರಿದ್ದಾರೆ. ಅದು ಯಾವುದು ಮೊದಲು, ಯಾವುದು ನಂತರ ಎಂಬ ಸರದಿಯನ್ನಷ್ಟೇ ಹೇಳುತ್ತದೆ. ಮೊದಲಿನದು ಬದಲಾದರೆ ನಂತರದ್ದನ್ನು ಹೊಸದಾಗಿ ಮಾಡು ಎಂದು ಹೇಳುವುದಿಲ್ಲ. ಹಾಗೆ ಹೇಳುವುದು ಟ್ರಿಗರ್ಸ್. ಅದರೊಳಗೆ ರಿಸೋರ್ಸ್, ಮೆಥಡ್, ಇಂಟಿಗ್ರೇಷನ್‌ಗಳನ್ನು ಜೇಸನ್ ಪಠ್ಯವಾಗಿಸಿ ಅದರ ಶಾ1 ಹ್ಯಾಶ್ (ಪಠ್ಯದ ಒಂದಕ್ಷರ ಬದಲಾದರೂ ಬದಲಾಗುವ ಗುರುತು) ಕೊಟ್ಟರೆ, ಹ್ಯಾಶ್ ಬದಲಾದಾಗ ಹೊಸ ಡಿಪ್ಲಾಯ್‌ಮೆಂಟ್ ಹುಟ್ಟುತ್ತದೆ. ಆದರೆ ಹಲವರು ನಕಲು ಮಾಡಿಕೊಳ್ಳುವ ಮಾದರಿಯಲ್ಲಿ ಇವುಗಳ ಐಡಿಗಳ ಹ್ಯಾಶ್ ಮಾತ್ರ ಇರುತ್ತದೆ. ಇಂಟಿಗ್ರೇಷನ್‌ನ ಗುರಿಯನ್ನು ಬದಲಿಸಿದರೆ ಐಡಿ ಹಾಗೆಯೇ ಉಳಿಯುವುದರಿಂದ ಗಿರಾಕಿಗೆ ಹಳೆಯದೇ ಸಿಗುತ್ತದೆ. ನನ್ನನ್ನು ಕೇಳಿದರೆ ಇಡೀ ಎಪಿಐಯನ್ನು ಒಂದು ಓಪನ್‌ಎಪಿಐ (ಎಪಿಐಯನ್ನು ವಿವರಿಸುವ ಪ್ರಮಾಣಿತ ನಮೂನೆ) ದಸ್ತಾವೇಜಿನಲ್ಲಿ ಬರೆದು, ಆ ದಸ್ತಾವೇಜಿನ ಹ್ಯಾಶನ್ನೇ ಟ್ರಿಗರ್ ಆಗಿ ಇಡುವುದು ಎಲ್ಲಕ್ಕಿಂತ ನಿರಾಳ. ಇದಕ್ಕೆ ಬೇಸತ್ತು ಹ್ಯಾಶಿನ ಬದಲು ಟೈಮ್‌ಸ್ಟ್ಯಾಂಪ್ (ಆ ಕ್ಷಣದ ಸಮಯ) ಹಾಕುವವರಿದ್ದಾರೆ: ಆಗ ಪ್ರತಿ ಪ್ಲಾನ್‌ನಲ್ಲೂ ಒಂದು ಬದಲಾವಣೆ ಕಾಣುತ್ತದೆ, ಕೆಲವೇ ದಿನಗಳಲ್ಲಿ ಪ್ಲಾನ್ ಓದುವ ಅಭ್ಯಾಸವೇ ತಂಡದಿಂದ ಹೋಗುತ್ತದೆ.

ಹೊಸ ದಾರಿ ಕಾಣದಿದ್ದರೆ ಯಾರಾದರೂ ಫೋನ್ ಮಾಡಿ ಹೇಳುತ್ತಾರೆ. ರಿಸೋರ್ಸ್ ಪಾಲಿಸಿಯ, ಅಂದರೆ ಎಪಿಐಯನ್ನು ಯಾರು ಬಳಸಬಹುದು ಎಂಬ ನಿಯಮದ, ವಿಷಯದಲ್ಲಿ ಯಾರೂ ಹೇಳುವುದಿಲ್ಲ. ಒಂದು ಐಪಿ ವಿಳಾಸವನ್ನು ತಡೆಯಲು ಪಾಲಿಸಿ ಬದಲಿಸಿ ಅಪ್ಲೈ ಮಾಡಿ, ಬಾಗಿಲು ಹಾಕಿದೆ ಎಂದು ನೆಮ್ಮದಿಯಿಂದ ಇರುವವರು, ಹೊಸ ಡಿಪ್ಲಾಯ್‌ಮೆಂಟ್ ಆಗುವವರೆಗೆ ಹಳೆಯ ಪಾಲಿಸಿಯೇ ನಡೆಯುತ್ತಿರುತ್ತದೆ ಎಂಬುದನ್ನು ಅರಿಯಬೇಕು. ಇದಕ್ಕೆ ವಿರುದ್ಧವಾಗಿ ಥ್ರಾಟ್ಲಿಂಗ್ (ಕೋರಿಕೆಗಳ ವೇಗಕ್ಕೆ ಮಿತಿ), ಲಾಗಿಂಗ್ (ದಾಖಲೆ ಇಡುವುದು), ಕ್ಯಾಶ್ (ಉತ್ತರಗಳ ತಾತ್ಕಾಲಿಕ ಸಂಗ್ರಹ) ಇವು ಸ್ಟೇಜಿನ ಸೆಟ್ಟಿಂಗ್‌ಗಳು. ಅವಕ್ಕೆ ಡಿಪ್ಲಾಯ್‌ಮೆಂಟ್ ಬೇಕಿಲ್ಲ.

ಟ್ರಿಗರ್ಸ್ ಜೊತೆಗೆ ಲೈಫ್‌ಸೈಕಲ್‌ನಲ್ಲಿ ‘ಕ್ರಿಯೇಟ್ ಬಿಫೋರ್ ಡೆಸ್ಟ್ರಾಯ್’ (ಅಳಿಸುವ ಮೊದಲು ಹೊಸದನ್ನು ಮಾಡು) ಬರೆಯಲೇಬೇಕು. ಇಲ್ಲವಾದರೆ ಟೆರಾಫಾರ್ಮ್ ತನ್ನ ರೂಢಿಯಂತೆ ಹಳೆಯದನ್ನು ಮೊದಲು ಅಳಿಸಲು ಹೋಗುತ್ತದೆ, ಈ ಡಿಪ್ಲಾಯ್‌ಮೆಂಟನ್ನು ಸ್ಟೇಜ್ ಬಳಸುತ್ತಿದೆ ಎಂದು ಎಡಬ್ಲ್ಯೂಎಸ್ ತಡೆಯುತ್ತದೆ, ಅಪ್ಲೈ ನಡುವೆಯೇ ನಿಲ್ಲುತ್ತದೆ.

ಈ ಅರ್ಥವನ್ನು ಎಲ್ಲ ಗೇಟ್‌ವೇಗಳಿಗೂ ಹಚ್ಚಬಾರದು. ಎಡಬ್ಲ್ಯೂಎಸ್‌ನದೇ ಎಚ್‌ಟಿಟಿಪಿ ಎಪಿಐಯಲ್ಲಿ ಸ್ಟೇಜಿಗೆ ಆಟೋ ಡಿಪ್ಲಾಯ್ ಕೊಡಬಹುದು, ಆಗ ಈ ಜಂಜಾಟವಿಲ್ಲ. ಕಾಂಗ್ ಎಂಬ ಗೇಟ್‌ವೇಯಲ್ಲಿ ಅದರ ಡೆಕ್ ಸಾಧನದಿಂದ ಸಿಂಕ್ ಮಾಡಿದರೆ ಬದಲಾವಣೆ ನೇರವಾಗಿ ಜಾರಿಗೆ ಬರುತ್ತದೆ, ಡಿಪ್ಲಾಯ್‌ಮೆಂಟ್ ಎಂಬ ವಸ್ತುವೇ ಅಲ್ಲಿಲ್ಲ. ಗೂಗಲ್‌ನ ಎಪಿಐ ಗೇಟ್‌ವೇಯಲ್ಲಿ ಇದೇ ಪಾತ್ರವನ್ನು ಎಪಿಐ ಕಾನ್ಫಿಗ್ ವಹಿಸುತ್ತದೆ. ಟೆರಾಫಾರ್ಮ್‌ನಂಥದೇ ಕೆಲಸ ಮಾಡುವ ಎಡಬ್ಲ್ಯೂಎಸ್‌ನ ಸಿಡಿಕೆ ಹ್ಯಾಶ್ ಲೆಕ್ಕವನ್ನು ತಾನೇ ಮಾಡಿಕೊಳ್ಳುವುದರಿಂದ ಅದನ್ನು ಬಳಸುವವರಿಗೆ ಈ ಟಿಪ್ಪಣಿಯ ಅರ್ಧ ಭಾಗ ಅನಗತ್ಯ.

ರೋಲ್‌ಬ್ಯಾಕ್ (ಹಿಂದಿನ ಸ್ಥಿತಿಗೆ ಮರಳುವುದು) ಕುರಿತ ತಪ್ಪು ತಿಳಿವಳಿಕೆಯೂ ಇದೇ ಪದದಿಂದ ಹುಟ್ಟಿದ್ದು. ಹಳೆಯ ಡಿಪ್ಲಾಯ್‌ಮೆಂಟ್ ಇದ್ದೇ ಇರುತ್ತದೆ, ತೊಂದರೆ ಬಂದರೆ ಸ್ಟೇಜನ್ನು ಅದರ ಕಡೆ ತಿರುಗಿಸಿದರಾಯಿತು ಎಂದು ಹಲವರು ನಂಬಿದ್ದಾರೆ. ಕನ್ಸೋಲಿನಿಂದ ಕೈಯಾರೆ ಮಾಡುವವರಿಗೆ ಅದು ನಿಜ. ಮೇಲೆ ಹೇಳಿದಂತೆ ಟೆರಾಫಾರ್ಮ್ ಬರೆದವರಿಗೆ ಸುಳ್ಳು: ಹೊಸದು ಹುಟ್ಟಿ ಸ್ಟೇಜ್ ಅದರ ಕಡೆ ತಿರುಗಿದ ಕೂಡಲೇ ಹಳೆಯದು ಅಳಿದುಹೋಗಿರುತ್ತದೆ. ಅವರಿಗೆ ಇರುವ ದಾರಿ ಗಿಟ್‌ನಲ್ಲಿ (ಕೋಡಿನ ಹಳೆಯ ಆವೃತ್ತಿಗಳನ್ನು ಕಾಯ್ದಿಡುವ ಸಾಧನ) ಹಿಂದಿನ ಕಮಿಟ್‌ಗೆ, ಅಂದರೆ ಹಿಂದಿನ ಆವೃತ್ತಿಗೆ, ರಿವರ್ಟ್ ಮಾಡಿ ಮತ್ತೆ ಅಪ್ಲೈ ಮಾಡುವುದು. ಅದರಿಂದ ಹುಟ್ಟುವುದೂ ಹಳೆಯ ವಿಷಯವನ್ನೇ ಹೊತ್ತ, ಬೇರೆ ಐಡಿಯ, ಹೊಸ ಡಿಪ್ಲಾಯ್‌ಮೆಂಟೇ.