ಕಿರ್ ಬೇರೆ, ಲೊಡ್ ಬೇರೆ

ಕಾರಿನ ‘ಕಿರಿಕಿರಿ ಶಬ್ದ’ ಹೋಗಲಾಡಿಸುವುದು ಹೇಗೆ ಎಂಬ ಬರಹ ಈ ತಿಂಗಳಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಇದು ನಾಲ್ಕನೆಯದು. ನಾಲ್ಕರಲ್ಲೂ ಸಲಹೆ ಒಂದೇ: ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿಸಿ. ನಾಲ್ಕರಲ್ಲೂ ಕಿರಿಕಿರಿ, ಗಡಗಡ, ಲೊಡಲೊಡ, ರ‍್ಯಾಟಲ್, ವೈಬ್ರೇಶನ್ ಎಲ್ಲವನ್ನೂ ಒಂದೇ ಬಾಣಲೆಗೆ ಹಾಕಿ ಕಲಸಿದ್ದಾರೆ. ಮೊದಲ ಮೂರನ್ನು ಸುಮ್ನೆ ಬಿಟ್ಟಿದ್ದೆ. ನಾಲ್ಕನೆಯದು ಓದಿದ ಮೇಲೆ ಆಗಲಿಲ್ಲ.

ಕಿರಿಕಿರಿ ಎಂಬುದು ಈಗ ಸದ್ದಿನ ಹೆಸರೇ ಅಲ್ಲ. ಸೊಳ್ಳೆಯಿಂದ ಕಿರಿಕಿರಿ, ನೆಂಟರಿಂದ ಕಿರಿಕಿರಿ, ಹೊತ್ತಿಗೆ ಸರಿಯಾಗಿ ಓಟಿಪಿ ಬರದಿದ್ದರೂ ಕಿರಿಕಿರಿ. ಕಿರಿಕಿರಿ ಆಗುವುದು ಒಳಗೆ ಕೂತವರಿಗೆ, ಕಾರಿಗಲ್ಲ. ಕಾರು ಮಾಡುವುದು ಮುಖ್ಯವಾಗಿ ಎರಡು: ಅದು ಕಿರುಗುಟ್ಟುತ್ತದೆ, ಇಲ್ಲವೇ ಲೊಡಲೊಡ ಎನ್ನುತ್ತದೆ. ಇವೆರಡಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ದುಡ್ಡು ದಂಡ.

ಕಾರು ತಯಾರಿಸುವವರು ಇದನ್ನು ಬಿಎಸ್ಆರ್ ಎಂಬ ಮೂರು ಅಕ್ಷರಗಳಲ್ಲಿ ಹೇಳುತ್ತಾರೆ. ಬಝ್, ಸ್ಕ್ವೀಕ್, ರ‍್ಯಾಟಲ್. ಸ್ಕ್ವೀಕ್ ಎಂದರೆ ನಮ್ಮ ಕಿರ್. ರ‍್ಯಾಟಲ್ ಎಂದರೆ ಲೊಡ್. ಬಝ್ ಎಂದರೆ ಗುಂಯ್. ಇಂಗ್ಲಿಷಿನವರು ಮೂರು ಪದ ಇಟ್ಟುಕೊಂಡಿದ್ದಾರೆ, ನಮ್ಮಲ್ಲೂ ಮೂರಿವೆ. ಆದರೂ ಎಲ್ಲಕ್ಕೂ ‘ಒಂಥರಾ ಸೌಂಡು’ ಎನ್ನುತ್ತೇವೆ.

ಶಾಲೆಯಲ್ಲಿ ಅನುಕರಣಾವ್ಯಯ ಅಂತ ಒಂದು ಪಾಠ ಇತ್ತಲ್ಲ, ನೆನಪಿದೆಯಾ? ಚಟಚಟ, ಕರಕರ, ದಬದಬ, ರೊಯ್ಯನೆ, ಸುಯ್ಯನೆ. ಎರಡು ಅಂಕದ ಪ್ರಶ್ನೆ. ಅರ್ಥವಿಲ್ಲದ ಧ್ವನಿಯನ್ನು ಕೇಳಿದಂತೆಯೇ ಹೇಳುವುದು ಎಂದು ಬರೆದು ಮುಂದೆ ಹೋಗುತ್ತಿದ್ದೆವು. ನನ್ನ ತಕರಾರು ಆ ‘ಅರ್ಥವಿಲ್ಲದ’ ಎಂಬ ಮಾತಿನ ಮೇಲೆ. ಈ ಪದಗಳಲ್ಲಿ ಬೇಕಾದಷ್ಟು ಅರ್ಥ ಇದೆ. ಯಾವ ವಸ್ತು ಯಾವುದಕ್ಕೆ ಹೇಗೆ ತಾಗಿತು ಎಂಬುದನ್ನು ಅವು ಹೇಳುತ್ತವೆ.

ಬೇಕಾದರೆ ಬಾಯಲ್ಲೇ ಪರೀಕ್ಷೆ ಮಾಡಿ. ‘ಕಿರ್’ ಎನ್ನಿ. ಈಗ ಅದನ್ನು ಎಳೆಯಿರಿ: ಕಿರ್ರ್‌ರ್‌ರ್. ಉಸಿರು ಇರುವ ತನಕ ಎಳೆಯಬಹುದು. ಈಗ ‘ಲೊಡ್’ ಎನ್ನಿ, ಅದನ್ನೂ ಎಳೆಯಿರಿ ನೋಡೋಣ. ಆಗುವುದಿಲ್ಲ. ನಾಲಗೆ ಅಂಗುಳಕ್ಕೆ ಬಡಿದು ಅಲ್ಲೇ ನಿಂತಿತು. ಮುಂದುವರಿಸಬೇಕಾದರೆ ಮತ್ತೆ ಮತ್ತೆ ಬಡಿಯಬೇಕು: ಲೊಡ ಲೊಡ ಲೊಡ. ಕಾರಿನೊಳಗೆ ನಡೆಯುವುದೂ ಥೇಟ್ ಇದೇ. ಒಂದು ಕಡೆ ಎರಡು ವಸ್ತು ಬಿಡದೆ ಉಜ್ಜಾಡುತ್ತಿವೆ. ಇನ್ನೊಂದು ಕಡೆ ದೂರ ಸರಿದು, ಬಂದು, ಬಡಿದು, ಮತ್ತೆ ದೂರ ಸರಿಯುತ್ತಿವೆ. ಉಜ್ಜಾಟಕ್ಕೆ ರ್, ಬಡಿದಾಟಕ್ಕೆ ಟ ಅಥವಾ ಡ. ಕಿರ್, ಕರಕರ, ಗರಗರ, ಪರಪರ ಒಂದು ಸಾಲು. ಲೊಡಲೊಡ, ಲಟಲಟ, ಟಕಟಕ, ಕಟಕಟ ಇನ್ನೊಂದು ಸಾಲು. ಗಡಗಡ ಎರಡನೇ ಸಾಲಿಗೆ ಸೇರಬೇಕಾದದ್ದು. ಆದರೆ ನಾವು ಅದನ್ನು ನಡುಗುವುದಕ್ಕೇ ಜಾಸ್ತಿ ಬಳಸಿ ಸವೆಸಿಬಿಟ್ಟಿದ್ದೇವೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಕಿರುಗುಟ್ಟುವುದು ಎಂದರೆ ‘ಸಣ್ಣದಾಗಿ ಸದ್ದು ಮಾಡುವುದು’ ಎಂದು ವಿವರಿಸಿದವರನ್ನು ನೋಡಿದ್ದೇನೆ. ಕಿರುಬೆರಳು, ಕಿರುನಗೆ ಇದ್ದಂತೆ ಕಿರುಗುಟ್ಟು ಅಂತೆ! ಪಿಸುಗುಟ್ಟು, ಗುಸುಗುಟ್ಟು, ಗೊಣಗುಟ್ಟು ಇವನ್ನೆಲ್ಲ ಪಕ್ಕದಲ್ಲಿಟ್ಟು ನೋಡಿ. ಮೊದಲರ್ಧ ಯಾವಾಗಲೂ ಸದ್ದು. ಪಿಸು ಎಂಬ ಸದ್ದು, ಗುಸು ಎಂಬ ಸದ್ದು, ಹಾಗೆಯೇ ಕಿರ್ ಎಂಬ ಸದ್ದು. ಉಳಿದ ‘ಗುಟ್ಟು’ ನನ್ನ ಕಿವಿಗೆ ‘ಕುಟ್ಟು’ವಿನಂತೆಯೇ ಕೇಳುತ್ತದೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆದಂತೆ ಕ ಹೋಗಿ ಗ ಬಂದಿದೆ. ಹಳೇ ಮರದ ಬಾಗಿಲು ಕಿರುಗುಟ್ಟಿದರೆ ಇಡೀ ಮನೆ ಏಳುತ್ತದೆ. ಅದರಲ್ಲಿ ಸಣ್ಣದು ಏನು ಬಂತು?

ಕಿರ್ ಹುಟ್ಟುವುದು ಹೀಗೆ. ಎರಡು ಮೈಗಳು ಒತ್ತಿಕೊಂಡಿವೆ. ಒಂದು ಸರಿಯಲು ನೋಡುತ್ತದೆ, ಅಂಟಿ ನಿಲ್ಲುತ್ತದೆ. ಬಲ ಹೆಚ್ಚಾದಾಗ ಜಾರುತ್ತದೆ, ಮತ್ತೆ ಅಂಟುತ್ತದೆ. ಅಂಟು, ಜಾರು, ಅಂಟು, ಜಾರು. ಸೆಕೆಂಡಿಗೆ ನೂರಾರು ಸಲ ಹೀಗಾದರೆ ಕಿವಿಗೆ ಒಂದೇ ಎಳೆಯಾಗಿ ಕೇಳುತ್ತದೆ. ಸ್ಲೇಟಿನ ಮೇಲೆ ಬಳಪ ಕಿರ್ ಎಂದು ಮೈ ಜುಮ್ಮೆನ್ನಿಸುತ್ತಿದ್ದದ್ದು ಇದರಿಂದಲೇ. ಪಿಟೀಲು ಹಾಡುವುದೂ ಇದರಿಂದಲೇ. ಕಮಾನಿಗೆ ರಾಳ ಉಜ್ಜುವುದು ಈ ಅಂಟು ಹೆಚ್ಚಲಿ ಎಂದು. ಕಾರಿನಲ್ಲಿ ನಮಗೆ ಬೇಕಾದದ್ದು ಅದರ ಉಲ್ಟಾ.

ಲೊಡ್ ಹುಟ್ಟುವುದಕ್ಕೆ ಇಷ್ಟೆಲ್ಲ ಬೇಡ. ಸಂದು ಇದ್ದರೆ ಸಾಕು. ಮಕ್ಕಳ ಗಿಲಕಿಯೊಳಗೆ ನಾಲ್ಕು ಕಾಳು ಇರುತ್ತವಲ್ಲ, ಅಷ್ಟೇ. ಇಂಗ್ಲಿಷಿನಲ್ಲಿ ಗಿಲಕಿಗೂ ರ‍್ಯಾಟಲ್ ಎಂದೇ ಹೆಸರು. ಹಾಗಾಗಿ ಇನ್ನು ಮುಂದೆ ‘ಡ್ಯಾಶ್‌ಬೋರ್ಡಿನ ರ‍್ಯಾಟಲ್’ ಎಂದು ಬರೆಯುವ ಮೊದಲು, ನಿಮಗೆ ಕೇಳುತ್ತಿರುವುದು ಗಿಲಕಿಯೋ ಬಳಪವೋ ಎಂದು ಒಮ್ಮೆ ಯೋಚಿಸಿ.

ಎತ್ತಿನ ಗಾಡಿ ಹೊಡೆಯುವವರಿಗೆ ಈ ಗೊಂದಲ ಇರಲಿಲ್ಲ. ಚಕ್ರ ಕಿರ್ ಎಂದರೆ ಕೀಲೆಣ್ಣೆ. ಲೊಡ್ ಎಂದರೆ ಇಳಿದು ಕಡಾಣಿ, ಅಂದರೆ ಚಕ್ರ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕೀಲು, ನೋಡುವುದು. ಕಡಾಣಿ ಸಡಿಲವಾದ ಗಾಡಿಗೆ ಎಣ್ಣೆ ಬಿಡುವ ಪೆದ್ದುತನ ಯಾರೂ ಮಾಡುತ್ತಿರಲಿಲ್ಲ.

ಈಗ ಮದ್ದಿಗೆ ಬರೋಣ. ಕಿರ್ ಎನ್ನುವ ಕಡೆ ಬರೀ ಬಿಗಿ ಮಾಡಿದರೆ ಕೆಲವೊಮ್ಮೆ ಸದ್ದು ಹೆಚ್ಚಾಗುತ್ತದೆ, ಯಾಕೆಂದರೆ ಒತ್ತಡ ಹೆಚ್ಚಿತು. ಅಲ್ಲಿ ಬೇಕಾದದ್ದು ಎರಡು ಮೈಗಳ ನಡುವೆ ಏನಾದರೂ ಮೆತ್ತನೆಯದು. ವೈರಿಂಗ್ ಸುತ್ತಲು ಬಳಸುವ ಬಟ್ಟೆ ಟೇಪು ಇದಕ್ಕೆ ಹೇಳಿ ಮಾಡಿಸಿದಂತಿದೆ. ತೆಳ್ಳಗೆ ಫೆಲ್ಟ್ (ಒತ್ತಿ ಮಾಡಿದ ಉಣ್ಣೆಯಂಥ ಬಟ್ಟೆ) ಅಂಟಿಸಿದರೂ ಆಗುತ್ತದೆ. ಬಾಗಿಲ ಸುತ್ತಲಿನ ರಬ್ಬರ್ ಬೀಡಿಂಗ್ ಕಿರುಗುಟ್ಟುತ್ತಿದ್ದರೆ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಅರ್ಧ ಸಲ ಧೂಳೇ ಕಾರಣ. ಹೋಗದಿದ್ದರೆ ಸಿಲಿಕೋನ್ ಗ್ರೀಸ್ ಒಂದಿಷ್ಟು ಸವರಿ. ಪೆಟ್ರೋಲಿಯಂ ಮೂಲದ ಜೆಲ್ಲಿ, ಎಂಜಿನ್ ಆಯಿಲ್ ಬೇಡ, ಆ ರಬ್ಬರ್ ಊದಿಕೊಳ್ಳುತ್ತದೆ.

ಎಲ್ಲದಕ್ಕೂ ಡಬ್ಲ್ಯುಡಿ-40 ಎಂಬ ಸ್ಪ್ರೇ ಹೊಡೆಯುವವರಿಗೆ ಒಂದು ಮಾತು. ಅದರ ಹೆಸರಿನಲ್ಲೇ ಕೆಲಸ ಬರೆದಿದೆ. ಡಬ್ಲ್ಯುಡಿ ಎಂದರೆ ವಾಟರ್ ಡಿಸ್‌ಪ್ಲೇಸ್‌ಮೆಂಟ್, ನೀರನ್ನು ತಳ್ಳುವುದು. 40 ಎಂದರೆ ನಲವತ್ತನೇ ಪ್ರಯತ್ನದಲ್ಲಿ ಸರಿಹೋದ ಮಿಶ್ರಣ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ ತುಕ್ಕು ಹಿಡಿಯದಿರಲಿ ಎಂದು ಮಾಡಿದ್ದು. ಡ್ಯಾಶ್‌ಬೋರ್ಡಿನ ಸಂದಿಗೆ ಹೊಡೆದರೆ ನಾಲ್ಕು ದಿನ ಸುಮ್ಮನಿರುತ್ತದೆ, ಐದನೇ ದಿನ ಧೂಳು ಮೆತ್ತಿಕೊಂಡು ಮತ್ತೆ ಶುರು.

ಲೊಡ್ ಎನ್ನುವ ಕಡೆ ಮಾತ್ರ ಬಿಗಿ ಮಾಡಿ, ಇಲ್ಲವೇ ಸಂದಿಗೆ ಫೋಮ್ ತುರುಕಿ. ಅಲ್ಲಿಗೆ ಗ್ರೀಸ್ ಹಚ್ಚಿದರೆ ಜಿಡ್ಡುಜಿಡ್ಡಾಗಿ ಲೊಡ್ ಎನ್ನುತ್ತದೆ, ಅಷ್ಟೇ.

ಗುಂಯ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೆಳ್ಳಗಿನ ಹಾಳೆಯಂಥ ಭಾಗ ಒಂದು ನಿರ್ದಿಷ್ಟ ವೇಗದಲ್ಲಿ, ಅಥವಾ ಹಾಡಿನ ಒಂದೇ ಬೇಸ್ ಸ್ವರಕ್ಕೆ ಜೊತೆಗೂಡಿ ಅದುರುವುದು. ನಂಬರ್ ಪ್ಲೇಟು, ಸ್ಪೀಕರಿನ ಜಾಳಿಗೆ ಮೊದಲ ಆರೋಪಿಗಳು. ಮತ್ತೆ ‘ವೈಬ್ರೇಶನ್ ಸೌಂಡು’ ಎನ್ನುವವರೇ, ಅದುರುವುದು ಕೈಗೆ ಗೊತ್ತಾಗುವುದು, ಸದ್ದು ಕಿವಿಗೆ. ಯಾವುದು ಎಂದು ಬಿಡಿಸಿ ಹೇಳಿ.

ಹುಡುಕುವುದರಲ್ಲಿ ಎಲ್ಲರೂ ಮಾಡುವ ತಪ್ಪು, ಕಿವಿಯನ್ನು ನಂಬುವುದು. ಕಾರಿನೊಳಗೆ ಸುತ್ತ ಗಾಜು. ಸದ್ದು ಗಾಜಿಗೆ ಬಡಿದು ಇನ್ನೆಲ್ಲಿಂದಲೋ ಬಂದಂತೆ ಕೇಳುತ್ತದೆ. ನನ್ನ ಕಾರಿನಲ್ಲಿ ಡ್ಯಾಶ್‌ಬೋರ್ಡಿನ ಎಡ ಮೂಲೆಯಿಂದ ಲೊಡ್ ಎನ್ನುತ್ತಿತ್ತು. ಆಣೆ ಮಾಡಿ ಹೇಳುವಷ್ಟು ಖಾತ್ರಿ ಇತ್ತು. ಒಂದು ಗ್ಯಾರೇಜಿನಲ್ಲಿ (ಹೆಸರು ಬೇಡ) ಡ್ಯಾಶ್‌ಬೋರ್ಡ್ ಬಿಚ್ಚಿ ಹಾಕಿದರು. ವಾಪಸ್ ಕೂರಿಸುವಾಗ ಎರಡು ಪ್ಲಾಸ್ಟಿಕ್ ಕ್ಲಿಪ್ಪು ಮುರಿದವು. ಹಳೇ ಸದ್ದು ಹಾಗೇ ಇತ್ತು, ಜೊತೆಗೆ ಹೊಸದೊಂದು ಬಂತು. ಕೊನೆಗೆ ಹೆಂಡತಿಗೆ ಓಡಿಸಲು ಹೇಳಿ ನಾನು ಹಿಂದಿನ ಸೀಟಿನಲ್ಲಿ ಕೂತೆ. ನಮ್ಮ ರಸ್ತೆಯ ಒಂದೇ ಹಂಪನ್ನು ಹನ್ನೊಂದು ಸಲ ಹತ್ತಿ ಇಳಿದೆವು. ‘ರೀ, ಜನ ನೋಡ್ತಿದ್ದಾರೆ’ ಎಂದಳು. ಹನ್ನೊಂದನೇ ಸಲ ನನ್ನ ಕೈ ಆಕಸ್ಮಿಕವಾಗಿ ಖಾಲಿ ಸೀಟಿನ ಬೆಲ್ಟಿನ ಬಕಲ್ ಮೇಲೆ ಬಿತ್ತು. ಸದ್ದು ನಿಂತಿತು. ಬಕಲ್ ಪಕ್ಕದ ಪ್ಲಾಸ್ಟಿಕ್ಕಿಗೆ ಬಡಿಯುತ್ತಿತ್ತು. ಖರ್ಚು: ಒಂದು ತುಂಡು ಫೆಲ್ಟ್.

ಆದ್ದರಿಂದ ಬಿಚ್ಚುವ ಮೊದಲು ಕೈಯಲ್ಲಿ ಒತ್ತಿ ನೋಡಿ. ಅದಕ್ಕೂ ಮೊದಲು ಕಾರನ್ನು ಖಾಲಿ ಮಾಡಿ. ಬಾಗಿಲ ಜೇಬಿನ ಚಿಲ್ಲರೆ, ಕನ್ನಡಕದ ಡಬ್ಬಿ, ಡಿಕ್ಕಿಯಲ್ಲಿ ಸ್ಟೆಪ್ನಿಯ ಕೆಳಗಿನ ಜಾಕ್ ಮತ್ತು ಸ್ಪ್ಯಾನರು, ಕೊನೆಗೆ ಡ್ಯಾಶ್‌ಬೋರ್ಡಿನ ಗಣಪತಿಯನ್ನೂ ಒಮ್ಮೆ ಇಳಿಸಿ. ಏಸಿ ಫ್ಯಾನ್ ಆರಿಸಿ, ಗಾಜು ಏರಿಸಿ. ಹಂಪನ್ನು ನೇರವಾಗಿ ಒಮ್ಮೆ, ಓರೆಯಾಗಿ ಒಮ್ಮೆ ಹತ್ತಿಸಿ. ಓರೆಯಾಗಿ ಹತ್ತಿದಾಗ ಕಾರಿನ ಮೈ ತುಸು ತಿರುಚಿಕೊಳ್ಳುತ್ತದೆ. ಆಗ ಮಾತ್ರ ಕಿರ್ ಎಂದರೆ ಬಾಗಿಲ ಬೀಡಿಂಗ್ ಮೇಲೆ ಅನುಮಾನ ಪಡಿ. ನಿಂತಲ್ಲೇ ಆಕ್ಸಿಲರೇಟರ್ ಒತ್ತಿದಾಗ ಬಂದರೆ ಅದು ರಸ್ತೆಯ ತಪ್ಪಲ್ಲ, ಎಂಜಿನ್ ಕಡೆಯದು. ಸೈಲೆನ್ಸರ್ ಪೈಪಿನ ಬಿಸಿ ತಡೆಯುವ ತಗಡು ಸಡಿಲವಾಗಿರಬಹುದು.

ಎರಡು ಎಚ್ಚರಿಕೆ. ಬ್ರೇಕ್ ಹಾಕಿದಾಗ ಕೀಚ್ ಎಂದರೆ, ಪೂರ್ತಿ ಸ್ಟೇರಿಂಗ್ ತಿರುಗಿಸಿದಾಗ ಚಕ್ರದ ಕಡೆ ಟಕಟಕ ಎಂದರೆ ಈ ಬರಹ ಪಕ್ಕಕ್ಕಿಟ್ಟು ಮೆಕ್ಯಾನಿಕ್ ಹತ್ತಿರ ಹೋಗಿ. ಬ್ರೇಕ್ ಪ್ಯಾಡ್ ಸವೆದಾಗ ಕೀಚ್ ಎನ್ನಲಿ ಎಂದೇ ಕೆಲವು ಪ್ಯಾಡುಗಳಲ್ಲಿ ಪುಟ್ಟ ತಗಡು ಇಟ್ಟಿರುತ್ತಾರೆ. ಇನ್ನೊಂದು, ಮುಂದಿನ ಗಾಜಿನ ಪಕ್ಕದ ಕಂಬದ ಹೊದಿಕೆಯೊಳಗೆ ಕೆಲವು ಕಾರುಗಳಲ್ಲಿ ಏರ್‌ಬ್ಯಾಗ್ ಇರುತ್ತದೆ. ಅಲ್ಲಿ ಫೋಮ್ ತುರುಕಬೇಡಿ. ಹಳದಿ ಬಣ್ಣದ ವೈರ್ ಕನೆಕ್ಟರ್ ಕಂಡರೆ ಕೈ ಹಿಂದೆ ತೆಗೆಯಿರಿ.

ಎಲೆಕ್ಟ್ರಿಕ್ ಕಾರು ಕೊಂಡವರು ‘ಹೊಸ ಕಾರಿನಲ್ಲಿ ಇಷ್ಟೊಂದು ಸದ್ದಾ’ ಎಂದು ಕೇಳುತ್ತಾರೆ. ಸದ್ದು ಮೊದಲಿನ ಕಾರಿನಲ್ಲೂ ಇದ್ದಿರಬಹುದು. ಎಂಜಿನ್ ಅದನ್ನು ಮುಚ್ಚಿತ್ತು.

ಹೋದ ಸಲ ಸರ್ವಿಸ್‌ಗೆ ಬಿಟ್ಟಾಗ ಜಾಬ್ ಕಾರ್ಡಿನಲ್ಲಿ ಹುಡುಗ ಎಂದಿನಂತೆ ‘ಸೌಂಡ್ ಪ್ರಾಬ್ಲಂ’ ಎಂದು ಬರೆದ. ಅದನ್ನು ಹೊಡೆದು ಹಾಕಿಸಿ ಹೀಗೆ ಬರೆಸಿದೆ: ‘ಹಿಂದಿನ ಎಡ ಬಾಗಿಲು, ಹಂಪ್ ಮೇಲೆ, ಲೊಡ್. ಡ್ಯಾಶ್‌ಬೋರ್ಡ್ ಬಲ ಮೂಲೆ, ಬೆಳಿಗ್ಗೆ ಮಾತ್ರ, ಕಿರ್.’ ಅವನು ನಕ್ಕ. ಸಂಜೆ ಲೊಡ್ ಹೋಗಿತ್ತು, ಬಾಗಿಲಿನ ಒಳಹೊದಿಕೆಯ ಒಂದು ಕ್ಲಿಪ್ ಬದಲಾಯಿಸಿದ್ದರಂತೆ. ಕಿರ್ ಅವರಿಗೆ ಕೇಳಿಸಲೇ ಇಲ್ಲ. ಅವರು ಓಡಿಸಿ ನೋಡಿದ್ದು ಮಧ್ಯಾಹ್ನ ಎರಡಕ್ಕೆ, ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗಿದ ಮೇಲೆ.