ಬೆಳ್ಳಕ್ಕಿ ತಾನಾಗಿ ಹಾರಲ್ಲ

ಈ ಸಲದ ದಸರಾ ರಜೆಯಲ್ಲಿ ಮೈಸೂರಿನ ನಮ್ಮನೆಯಲ್ಲಿ, ಗೊಂಬೆ ಕೂರಿಸಿದ ಮೆಟ್ಟಿಲ ಮೇಲೆ, ಒಂದು ಸಿನಿಮಾ ತಯಾರಾಯಿತು. ನಿರ್ದೇಶಕಿ ಅಕ್ಕನ ಮಗಳು, ವಯಸ್ಸು 11. ನಟ ಚನ್ನಪಟ್ಟಣದ ಮರದ ಆನೆ. ಕಥೆ ಜಂಬೂಸವಾರಿ. ಆನೆಯನ್ನು ಒಂದು ಕಡಲೆಬೇಳೆಯಷ್ಟು ಸರಿಸುವುದು, ಮೊಬೈಲಿನಲ್ಲಿ ಫೋಟೊ ತೆಗೆಯುವುದು, ಮತ್ತೆ ಸರಿಸುವುದು. ಸೆಕೆಂಡಿಗೆ 12 ಫೋಟೊ. ಎರಡೂವರೆ ಗಂಟೆ ಬೆನ್ನು ಬಗ್ಗಿಸಿ ದುಡಿದರೆ ಸಿಕ್ಕಿದ್ದು 10 ಸೆಕೆಂಡು.

ಆನೆಯೇನೋ ನಡೆಯಿತು. ಆದರೆ ಬೆಳಕು ಉದ್ದಕ್ಕೂ ಮಿಣಮಿಣ ಅನ್ನುತ್ತಿತ್ತು. ಕಿಟಕಿಯ ಬಿಸಿಲು ಏರಿ ಇಳಿದದ್ದು ನಮಗೆ ಗೊತ್ತೇ ಆಗಿರಲಿಲ್ಲ. ಎರಡೂವರೆ ಗಂಟೆಯ ಮೋಡವೆಲ್ಲ ಆ 10 ಸೆಕೆಂಡಿನಲ್ಲಿ ಹಾದುಹೋಗಿತ್ತು.

ನಿಂತ ಚಿತ್ರಗಳು ನಡೆದಂತೆ ಕಾಣುವುದೇಕೆ? ಹಿಂದಿನ ಚಿತ್ರ ಕಣ್ಣಿನಲ್ಲಿ ಒಂದು ಕ್ಷಣ ಉಳಿಯುತ್ತದೆ, ಅದಕ್ಕೇ ಅಂತ ಶಾಲೆಯಲ್ಲಿ ಓದಿದ್ದೆವು. ಬರೀ ಉಳಿದರೆ ಒಂದರ ಮೇಲೊಂದು ಬಿದ್ದು ಕಲಸಿಹೋಗಬೇಕಿತ್ತು, ಅಲ್ವಾ? ಅಕ್ಕಪಕ್ಕದ ಎರಡು ಗೆರೆಗಳು ಸರಿಯಾದ ಅಂತರದಲ್ಲಿ ಒಂದಾದ ಮೇಲೊಂದು ಕಂಡರೆ, ಒಂದೇ ಗೆರೆ ಅಲ್ಲಿಂದ ಇಲ್ಲಿಗೆ ಸರಿದಂತೆ ತೋರುತ್ತದೆ ಎಂದು ಮ್ಯಾಕ್ಸ್ ವರ್ಟ್‌ಹೈಮರ್ ಎಂಬ ಮನೋವಿಜ್ಞಾನಿ 1912ರಲ್ಲೇ ಬರೆದರು. ನಡುವಿನ ನಡಿಗೆಯನ್ನು ಕಟ್ಟುವುದು ಮಿದುಳು.

ಮಾಮೂಲಿ ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಪ್ರತಿ ಫ್ರೇಮಿಗೂ ಕ್ಯಾಮೆರಾದ ಶಟರ್, ಅಂದರೆ ಬೆಳಕು ಒಳಬಿಡುವ ಬಾಗಿಲು, ಸಾಮಾನ್ಯವಾಗಿ ಸೆಕೆಂಡಿನ 48ನೇ ಒಂದು ಭಾಗ ತೆರೆದಿರುತ್ತದೆ. ಅಷ್ಟರಲ್ಲಿ ಬೀಸಿದ ಕೈ ಕೊಂಚ ಮಸುಕಾಗುತ್ತದೆ. ಆ ಮಸುಕಿನಿಂದಲೇ ಚಲನೆಗೆ ನುಣುಪು. ನಮ್ಮ ಆನೆ ಪ್ರತಿ ಫೋಟೊದಲ್ಲೂ ಕಲ್ಲಿನ ಹಾಗೆ ನಿಂತಿತ್ತಲ್ಲ, ಅದಕ್ಕೇ ನಡಿಗೆ ತಡವರಿಸಿತು. ಕಂಪ್ಯೂಟರಿನಲ್ಲಿ ಅನಿಮೇಷನ್ ಮಾಡುವವರು ಆ ಮಸುಕನ್ನೂ ಲೆಕ್ಕ ಹಾಕಿ ಬರಿಸಬೇಕು.

ಚಿಕ್ಕವನಿದ್ದಾಗ ಶ್ರೀರಂಗಪಟ್ಟಣದ ಹತ್ತಿರ ಮಹದೇವಪುರದಲ್ಲಿ ಒಂದು ಶೂಟಿಂಗ್ ನೋಡಿದ್ದೆ. ಹೊಳೆ ದಂಡೆಯ ಮೇಲೆ ಎತ್ತಿನಗಾಡಿ ಬರಬೇಕು, ಅಷ್ಟೇ ಸೀನು. ಗಾಡಿ ತಿರುಗುವಷ್ಟರಲ್ಲಿ ಕಬ್ಬಿನ ಗದ್ದೆಯಿಂದ ಬೆಳ್ಳಕ್ಕಿಗಳ ಹಿಂಡೊಂದು ಮೇಲೆದ್ದಿತು. ಯಾರೂ ಹೇಳಿರಲಿಲ್ಲ. ಕ್ಯಾಮೆರಾ ಹಿಂದಿದ್ದವರ ಮುಖದಲ್ಲಿ ಹಬ್ಬ! ಗಾಳಿ, ದೂಳು, ಹಕ್ಕಿ, ನಟನ ಕೆಮ್ಮು, ಎಲ್ಲ ಪುಕ್ಕಟೆ. ಮಾಮೂಲಿ ಸಿನಿಮಾದಿಂದ ಅನಿಮೇಷನ್ನಿಗೆ ಬಂದ ನಿರ್ದೇಶಕರಿಗೆ ಈ ಪುಕ್ಕಟೆ ಆಸ್ತಿಯೇ ಕೈಬಿಡುತ್ತದೆ. ಅಲ್ಲಿ ಬೆಳ್ಳಕ್ಕಿ ಹಾರಬೇಕಾದರೆ ಯಾರೋ ತೀರ್ಮಾನ ಮಾಡಬೇಕು, ಇನ್ಯಾರೋ ರೆಕ್ಕೆ ಆಡಿಸಬೇಕು.

ಹಾಗೆ ಬಂದು ಗೆದ್ದವರು ಆಕಸ್ಮಿಕಕ್ಕೆ ಹಿಂಬಾಗಿಲು ತೆರೆದರು ಅಂತ ನನಗನ್ನಿಸುತ್ತದೆ. ಕಡಲುಗಳ್ಳರ ಸಿನಿಮಾಗಳಿಂದ ಹೆಸರಾಗಿದ್ದ ಗೋರ್ ವರ್ಬಿನ್‌ಸ್ಕಿ 2011ರಲ್ಲಿ ‘ರಾಂಗೋ’ ಮಾಡಿದರು. ನಾಯಕ ಒಂದು ಊಸರವಳ್ಳಿ. ಅನಿಮೇಷನ್ನಿನಲ್ಲಿ ಸಾಮಾನ್ಯವಾಗಿ ನಟರು ಒಬ್ಬೊಬ್ಬರೇ ಬಂದು ಧ್ವನಿ ಕೊಟ್ಟು ಹೋಗುತ್ತಾರೆ. ಇವರು ಎಲ್ಲರನ್ನೂ ಒಟ್ಟಿಗೆ ಸೇರಿಸಿ, ಟೋಪಿ ಪಿಸ್ತೂಲು ಕೊಟ್ಟು, ಸುಮಾರು 20 ದಿನ ನಾಟಕದ ಹಾಗೆ ಆಡಿಸಿದರು. ಅದನ್ನು ನೋಡಿಕೊಂಡು ಕಲಾವಿದರು ಊಸರವಳ್ಳಿಯನ್ನು ಕುಣಿಸಿದರು. ಬೆಳಕಿನ ಸಲಹೆಗೆ ಬಂದವರು ನಿಜವಾದ ಕ್ಯಾಮೆರಾಮನ್ ರೋಜರ್ ಡೀಕಿನ್ಸ್. ಮುಂದಿನ ವರ್ಷ ಅದಕ್ಕೆ ಆಸ್ಕರ್ ಬಂತು.

ವೆಸ್ ಆಂಡರ್ಸನ್ 2009ರಲ್ಲಿ ಗೊಂಬೆ ನರಿಯ ಸಿನಿಮಾ ಮಾಡಿದರು. ಪ್ರತಿ ಸಲ ಬೆರಳು ತಾಗಿದಾಗಲೂ ನರಿಯ ಕೂದಲು ಅತ್ತಿತ್ತ ಆಗುತ್ತದೆ. ಓಡಿಸಿದರೆ ಮೈಯೆಲ್ಲ ಕುದಿಯುತ್ತಿರುವಂತೆ ಕಾಣುತ್ತದೆ. ಕಸುಬಿನವರ ಕಣ್ಣಿಗೆ ಇದು ತಪ್ಪು. ಆಂಡರ್ಸನ್ ಅದನ್ನು ಬೇಕೆಂದೇ ಉಳಿಸಿಕೊಂಡರು. ಧ್ವನಿಯನ್ನೂ ಸ್ಟುಡಿಯೋ ಬಿಟ್ಟು ತೋಟದಮನೆಗೆ ಹೋಗಿ ರೆಕಾರ್ಡ್ ಮಾಡಿದ್ದರು. ಗಿಯೆರ್ಮೊ ದೆಲ್ ಟೊರೊ 2022ರ ‘ಪಿನೋಕಿಯೊ’ವನ್ನು ಗೊಂಬೆ ಅನಿಮೇಷನ್ನಿನಲ್ಲಿ ಪಳಗಿದ ಮಾರ್ಕ್ ಗುಸ್ತಾಫ್ಸನ್ ಜೊತೆ ಸೇರಿ ನಿರ್ದೇಶಿಸಿದರು. ಅದರಲ್ಲಿ ಗೊಂಬೆಗಳು ಎಡವುತ್ತವೆ, ತಡವರಿಸುತ್ತವೆ, ಸುಮ್ನೆ ಮೈ ಕೆರೆದುಕೊಳ್ಳುತ್ತವೆ. 117 ನಿಮಿಷದ ಸಿನಿಮಾ ಅಂದರೆ 1,68,480 ಫ್ರೇಮ್. ಅಷ್ಟರ ನಡುವೆ ಕೂತು ಎಡವುವುದಕ್ಕೂ ಲೆಕ್ಕ ಹಾಕಿದ್ದಾರೆ!

ನಮ್ಮ ಜಂಬೂಸವಾರಿಯ 61ನೇ ಫೋಟೊದಲ್ಲಿ ಅಮ್ಮನ ಕೈ ಬಂದುಬಿಟ್ಟಿತ್ತು, ಪಟ್ಟದ ಗೊಂಬೆಗೆ ಸೇವಂತಿಗೆ ಇಡುತ್ತಾ. ಓಡಿಸಿದಾಗ ಆಕಾಶದಿಂದ ಒಂದು ಕೈ ಬಂದು ಮಾಯವಾದಂತೆ ಕಂಡಿತು.

‘ಅದನ್ನು ಅಳಿಸಬೇಡ ಪುಟ್ಟಿ’ ಅಂದೆ.

‘ಅಯ್ಯೋ ಮಾಮ, ಆಗ್ಲೇ ಡಿಲೀಟ್ ಮಾಡ್ಬಿಟ್ಟೆ’ ಅಂದಳು.